ಹಾಲಿಗೆ ಬಿದ್ದ ಹಲ್ಲಿನ ಹಾಡು

ಮರ್ನೇನ್ ಅಣ್ಣತಮ್ಮಂದಿರ ಕಟ್ಟಿಸಿದ ಹಲ್ಲಿನ ಸೆಟ್ಟು ಡೈರಿಯಲ್ಲಿ ಹಾಲು ಸೋಸುವ ಜಾಲರಿಯ ಮೇಲೆ ಸಿಕ್ಕಿದ ಸುದ್ದಿಯನ್ನು ಗ್ಲೌನ್‌ಬಾನ್ ಕಣಿವೆಯ ಗಂಡಸರಿಗೆ ಯಾರೂ ಹೇಳಬೇಕಾಗಲಿಲ್ಲ. ಅವರೆಲ್ಲ ಆ ಹೊತ್ತಿಗೆ ಕತ್ತೆಗಾಡಿ ಹೂಡಿಕೊಂಡು ಹಾಲು ಹಾಕಲು ಅಲ್ಲೇ ಸಾಲಿನಲ್ಲಿ ನಿಂತಿದ್ದರು. ಹೆಂಗಸರಿಗೆ ಮಾತ್ರ ಮನೆಗೆ ಬಂದು ಹೇಳಿದರು, ಅದೂ ಒಬ್ಬೊಬ್ಬರು ಒಂದೊಂದು ಥರ.

ಅಣ್ಣ ಟೈಗ್, ತಮ್ಮ ಫ್ಲರಿ. ಇಬ್ಬರಿಗೂ ಮದುವೆಯಿಲ್ಲ, ಇಬ್ಬರಿಗೂ ಸ್ವಂತ ಹಲ್ಲಿಲ್ಲ, ಇಬ್ಬರಿಗೂ ಸೇರಿ ಒಂದೇ ಸೆಟ್ಟು. ಬಾಸ್ಟನ್ನಿನಲ್ಲಿ ತೀರಿಕೊಂಡ ಚಿಕ್ಕಪ್ಪನ ಪೆಟ್ಟಿಗೆಯಲ್ಲಿ ಒಂದು ಕಪ್ಪು ಕೋಟಿನ ಜೊತೆ ಬಂದದ್ದು. ಭಾನುವಾರ ಮೊದಲ ಪೂಜೆಗೆ ಆ ಕೋಟು, ಆ ಹಲ್ಲು ಹಾಕಿಕೊಂಡು ಟೈಗ್ ಹೋಗಿ ಬರುತ್ತಿದ್ದ. ಎರಡನೆಯ ಪೂಜೆಗೆ ಅದೇ ಕೋಟು, ಅದೇ ಹಲ್ಲು, ಫ್ಲರಿ. ಚರ್ಚಿಗೆ ಹೊಸದಾಗಿ ಬಂದ ಪಾದ್ರಿ ಎಷ್ಟೋ ಕಾಲ ಇಬ್ಬರನ್ನೂ ಒಬ್ಬನೇ ಅಂದುಕೊಂಡು, ಎರಡೆರಡು ಸಲ ಪೂಜೆಗೆ ಬರುವ ಭಕ್ತ ಎಂದು ಮೆಚ್ಚಿಕೊಂಡಿದ್ದರು.

ಆವತ್ತು ಹಲ್ಲಿನ ಸರದಿ ಫ್ಲರಿಯದು. ಡಬ್ಬ ಎತ್ತಿ ಹಾಲು ಸುರಿಯುವಾಗ ತಾನೇ ಹೇಳಿದ ಜೋಕಿಗೆ ತಾನೇ ನಕ್ಕ, ಹಲ್ಲು ಹಾಲಿನ ಜೊತೆ ಹೋಯಿತು. ಡೈರಿ ಮ್ಯಾನೇಜರ್ ಕೆನಿಫಿಕ್ ಪೇಟೆಯವನು, ಮಹಾ ಶುಚಿ. ಚಿಮಟದಲ್ಲಿ ಹಲ್ಲು ಎತ್ತಿ ಹಿಡಿದ.

"ಇದು ಯಾರದು?"

ನನ್ನದು ಅಂದವನ ಹಾಲು ವಾಪಸ್ಸು. ಅವನ ಹಿಂದೆ ಸುರಿದವರದೂ ವಾಪಸ್ಸು. ಅಷ್ಟು ಲೆಕ್ಕ ಎಲ್ಲರಿಗೂ ಗೊತ್ತು. ಸಾಲಿಗೆ ಸಾಲೇ ಬಾಯಿ ಮುಚ್ಚಿತು. ಫ್ಲರಿಯ ಬಾಯಿ ಮಾತ್ರ ಮುಚ್ಚಿದ್ದರೆ ಗೊತ್ತಾಗಿಬಿಡುತ್ತದಲ್ಲ, ಅದಕ್ಕೆ ಹಲ್ಲಿದ್ದವರೂ ಮುಚ್ಚಿದರು.

"ಬಾಯಿ ತೆಗೀರಿ, ನೋಡೋಣ!" ಎಂದ ಕೆನಿಫಿಕ್.

"ಹುಂ," ಎಂದಿತು ಸಾಲು.

"ಏನ್ರೀ ಹುಂ? ಒಬ್ಬರಿಗೂ ನಾಲಿಗೆ ಇಲ್ವಾ?"

"ಹುಂ ಹುಂ."

ಕೊನೆಗೆ ಅವನು ಹಲ್ಲನ್ನು ಜಾಮಿನ ಜಾಡಿಯೊಂದರಲ್ಲಿ ಹಾಕಿ, ಹಾಲಿನ ತೊಟ್ಟಿಯ ಎದುರಿನ ಕಿಟಕಿಯ ಮೇಲಿಟ್ಟ. ಯಜಮಾನ ಬಂದು ತೆಗೆದುಕೊಂಡು ಹೋಗಲಿ ಅಂದ. ಯಾವ ಯಜಮಾನ ಬರುತ್ತಾನೆ? ಅಣ್ಣತಮ್ಮಂದಿರು ಅಂದಿನಿಂದ ರೊಟ್ಟಿಯನ್ನು ಚಹಾದಲ್ಲಿ ಅದ್ದಿ ತಿನ್ನುತ್ತ, ದಿನವೂ ಡೈರಿಗೆ ಹೋಗಿ ತಮ್ಮ ಹಲ್ಲನ್ನು ದೂರದಿಂದ ನೋಡಿಕೊಂಡು ಬರುತ್ತಿದ್ದರು.

ಇಂಥದ್ದು ನಡೆದ ಮೇಲೆ ಹಾಡೊಂದು ಆಗಲೇಬೇಕು. ಗ್ಲೌನ್‌ಬಾನ್‌ನಲ್ಲಿ ಹಸು ಜವುಗಿಗೆ ಬಿದ್ದರೂ, ಮದುಮಗ ತಪ್ಪು ಚರ್ಚಿಗೆ ಹೋದರೂ, ಅದಕ್ಕೊಂದು ಹಾಡು ಬರದಿದ್ದರೆ ನಡೆದದ್ದು ನಡೆದ ಲೆಕ್ಕಕ್ಕೇ ಸೇರುವುದಿಲ್ಲ. ಆ ಹಾಡು ಕಟ್ಟುವವನು ಡಿಯರ್ಮಿಡ್ ಲೂನಿ. ಅವನ ಅಪ್ಪ ಕಟ್ಟುತ್ತಿದ್ದ, ಅಪ್ಪನ ಅಪ್ಪ ಕಟ್ಟುತ್ತಿದ್ದ. ಅವರಿಗೂ ಹಿಂದಿನವನೊಬ್ಬ ಒಂದು ಪದ್ಯ ಹೇಳಿ ಜಮೀನ್ದಾರನ ಮೈಮೇಲೆ ಗುಳ್ಳೆ ಏಳಿಸಿದ್ದನಂತೆ. ಜಮೀನ್ದಾರನ ಕಡೆಯವರು ಅದನ್ನು ಸಿಡುಬು ಎನ್ನುತ್ತಾರೆ, ಅವರು ಹೇಳಲಿ ಬಿಡಿ.

ಡಿಯರ್ಮಿಡ್‌ನಿಗೆ ಗಂಡುಮಕ್ಕಳಿಲ್ಲ. ಇದ್ದವಳು ಗೊಬ್ನಿತ್ ಒಬ್ಬಳೇ. ತಾಯಿ ಹೋದ ಮೇಲೆ ಮನೆ, ಹಸು, ಕೋಳಿ, ಅಪ್ಪ ಎಲ್ಲವೂ ಅವಳ ಪಾಲಿಗೆ ಬಂದಿದ್ದವು. ಹಾಡು ಕಟ್ಟುವ ಗುಣ ಮಾತ್ರ ಅವಳ ಪಾಲಿಗೆ ಬರುವಂತಿರಲಿಲ್ಲ. ಆ ಸೀಮೆಯಲ್ಲಿ ಇದು ಮಕ್ಕಳಿಗೂ ಗೊತ್ತು: ಕವಿತ್ವ ಗಂಡಿನಿಂದ ಗಂಡಿಗೆ ಇಳಿಯಬೇಕು, ಒಂದು ಸಲ ಹೆಣ್ಣಿಗೆ ಹೋಯಿತೋ, ಆ ವಂಶದಲ್ಲಿ ಅಲ್ಲಿಗೇ ಮುಗಿಯಿತು. ಬೆಟ್ಟದಾಚೆಯ ಒಂದು ಮನೆಯಲ್ಲಿ ಹಾಗೇ ಆಗಿತ್ತು. ಅತ್ತೆಯೊಬ್ಬಳು ಪದ್ಯ ಹೇಳತೊಡಗಿದಳು, ಆಮೇಲೆ ಹುಟ್ಟಿದವರಲ್ಲಿ ಒಬ್ಬನಿಗೂ ಎರಡು ಸಾಲು ಕೂಡಿಸಲು ಬರಲಿಲ್ಲ. ಈಗ ಆ ಮನೆಯವರೆಲ್ಲ ಪೊಲೀಸಿನಲ್ಲಿದ್ದಾರೆ. ಗೊಬ್ನಿತ್ ಮದುವೆಯಾಗಿ ಒಬ್ಬ ಮೊಮ್ಮಗನನ್ನು ಕೊಟ್ಟರೆ ಅವನಿಗಾದರೂ ಇಳಿದೀತು ಎಂದು ಡಿಯರ್ಮಿಡ್ ಕಾಯುತ್ತಿದ್ದ. ಬಂದ ಗಂಡುಗಳನ್ನು ಗೊಬ್ನಿತ್ ಒಂದೊಂದು ಮಾತಿನಲ್ಲಿ ಬಾಗಿಲಿನಿಂದಲೇ ಸಾಗಹಾಕುತ್ತಿದ್ದಳು.

ಹಾಡು ಬರಬೇಕಾದಾಗ ಡಿಯರ್ಮಿಡ್ ಮಂಚ ಹಿಡಿಯುತ್ತಿದ್ದ. ಕಿಟಕಿಗೆ ಚೀಲ ಕಟ್ಟಿ, ಟೋಪಿ ಮುಖಕ್ಕೆ ಎಳೆದುಕೊಂಡು, ಹೊಟ್ಟೆಯ ಮೇಲೆ ಒಂದು ನುಣ್ಣನೆಯ ಕಲ್ಲಿಟ್ಟುಕೊಂಡು ಕತ್ತಲಲ್ಲಿ ಬಿದ್ದಿರುವುದು. ಕಲ್ಲು ವಂಶದ್ದು. ಹುಲ್ಲು ಕೊಯ್ಯುವ ಕೆಲಸವಿದ್ದರೂ ಸರಿ, ಆಲೂಗಡ್ಡೆ ಅಗೆಯುವ ಕೆಲಸವಿದ್ದರೂ ಸರಿ, ಕಲ್ಲು ಹೊಟ್ಟೆಯ ಮೇಲಿದೆ ಅಂದರೆ ಯಾರೂ ಮಾತಾಡಿಸುವಂತಿಲ್ಲ. ಕೆಲಸ ಹೆಚ್ಚಿದ್ದಾಗಲೇ ಹಾಡೂ ಹೆಚ್ಚು ಬರುತ್ತದೆ ಎನ್ನುವುದನ್ನು ಗೊಬ್ನಿತ್ ಗಮನಿಸಿದ್ದಳು.

ಈ ಸಲ ಕೆಲಸ ಬೆಟ್ಟದಷ್ಟಿತ್ತು. ಪಾದ್ರಿಗಳು ಆಗಾಗ ಒಂದೊಂದು ಮನೆಗೆ ಬಂದು ಚರ್ಚಿನ ಪೂಜೆ ಮಾಡುವ ಪದ್ಧತಿ. ಆ ವಸಂತದ ಸರದಿ ಲೂನಿಯವರ ಮನೆಗೆ. ಗೋಡೆಗೆ ಸುಣ್ಣ ಬಳಿಯಬೇಕು, ಅಂಗಳದ ಗೊಬ್ಬರದ ಗುಡ್ಡೆ ಕಣ್ಣಿಗೆ ಬೀಳದ ಹಾಗೆ ಸಾಗಿಸಬೇಕು, ಕಣಿವೆಗೆಲ್ಲ ತಿಂಡಿ ಹಾಕಬೇಕು. ಪೂಜೆ ಮುಗಿದು ಪಾದ್ರಿ ಹೊರಟ ಮೇಲೆ ಹಲ್ಲಿನ ಹಾಡು ಆಗುತ್ತದೆ ಎಂದು ಯಾರೂ ಯಾರಿಗೂ ಹೇಳದೆ ತೀರ್ಮಾನವಾಗಿತ್ತು. ಡಿಯರ್ಮಿಡ್ ಕಲ್ಲು ತೆಗೆದುಕೊಂಡು ಮಲಗಿದ. ಗೊಬ್ನಿತ್ ಸುಣ್ಣದ ಬಕೆಟ್ಟು ಎತ್ತಿಕೊಂಡಳು.

ಪಕ್ಕದ ಮನೆಯ ಮುದುಕಿ ಆಬಿ ಟೂಮಿ ಬೇಲಿಯ ಮೇಲಿಂದ ಕೇಳಿದಳು, "ಹಾಡು ಎಲ್ಲಿಗೆ ಬಂತೇ?"

"ಅಪ್ಪ ಮಲಗಿದಾನೆ."

"ಕಲ್ಲು ಹೊಟ್ಟೆ ಮೇಲಿದೆ ತಾನೇ?"

"ಇದೆ. ಕಲ್ಲಿನ ಮೇಲೆ ಬೆಕ್ಕೂ ಇದೆ."

"ಹಾಗಾದ್ರೆ ಬರುತ್ತೆ ಬಿಡು. ಹೋದ ಸಲದ ಸೇತುವೆ ಹಾಡು ಸ್ವಲ್ಪ..." ಆಬಿ ಮುಂದೆ ಹೇಳಲಿಲ್ಲ. "ಚೆನ್ನಾಗೇ ಇತ್ತು ಅನ್ನು. ಎಲ್ರೂ ಚಪ್ಪಾಳೆ ಹೊಡೆದ್ರಲ್ಲ."

ಗೊಬ್ನಿತ್ ಸುಣ್ಣದ ಬಕೆಟ್ಟು ಕೆಳಗಿಟ್ಟಳು. ಹಾಡು ಚೆನ್ನಾಗಿದ್ದರೆ ಗ್ಲೌನ್‌ಬಾನ್‌ನಲ್ಲಿ ಯಾರೂ ಚಪ್ಪಾಳೆ ಹೊಡೆಯುವುದಿಲ್ಲ. ಕಿರುಚುತ್ತಾರೆ, ಬೈಯುತ್ತಾರೆ, "ನಿನ್ನ ನಾಲಿಗೆ ಸೇದಿಹೋಗ" ಎನ್ನುತ್ತಾರೆ. ಚಪ್ಪಾಳೆ ಹೊಡೆದದ್ದು ಪಾಪ ಅನ್ನಿಸಿ. ಅಪ್ಪನ ಹಾಡು ಬತ್ತುತ್ತಿರುವುದು ಅವಳಿಗೆ ಕೆಲವು ವರ್ಷಗಳಿಂದ ಗೊತ್ತಿತ್ತು, ಊರಿಗೂ ಗೊತ್ತಿತ್ತು. ಗೊತ್ತಿಲ್ಲದವನು ಅಪ್ಪ ಒಬ್ಬನೇ ಎಂದು ಅವಳು ತಿಳಿದಿದ್ದಳು. ಈ ಹಲ್ಲಿನ ಹಾಡೂ ಸಪ್ಪೆಯಾದರೆ ಅವನು ಮತ್ತೆ ಕಲ್ಲು ಮುಟ್ಟುವುದಿಲ್ಲ. ಹಾಡಿಲ್ಲದ ಡಿಯರ್ಮಿಡ್ ಅಂದರೆ ಕೆಲಸ ಮಾಡದ ಒಬ್ಬ ಮುದುಕ, ಅಷ್ಟೇ. ಕಣಿವೆಯಲ್ಲಿ ಅಂಥವರು ಬೇಕಾದಷ್ಟು ಇದ್ದಾರೆ.

ಅಪ್ಪ ಎದ್ದು ಬಂದು ಗಂಜಿ ಕುಡಿದ, ಮುಖ ನೋಡಲಾಗುತ್ತಿರಲಿಲ್ಲ.

"ಏನಾದ್ರೂ ಬಂತಾ ಅಪ್ಪಾ?"

"ಬರ್ತಾ ಇದೆ, ಬರ್ತಾ ಇದೆ. ಬಾಗಿಲ ಹತ್ರ ನಿಂತಿದೆ."

"ಒಳಗೆ ಕರೀಬಾರದಾ?"

"ಕರೆದ್ರೆ ಬರೋಕೆ ಅದೇನು ನಿನ್ನ ಕೋಳಿನಾ?" ಎಂದು ರೇಗಿ ಹೋಗಿ ಮತ್ತೆ ಮಲಗಿದ.

ಅವತ್ತು ಸಂಜೆ ಗೊಬ್ನಿತ್ ಹಾಲು ಕರೆಯುತ್ತ ಕೂತಿದ್ದಳು. ಹಸು ಒಂದು ಮೊಂಡು, ಹಾಡು ಹೇಳದಿದ್ದರೆ ಹಾಲು ಇಳಿಸುವುದಿಲ್ಲ. ಹಳೆಯ ಹಾಡೊಂದನ್ನು ಗುನುಗಲು ಬಾಯಿ ತೆಗೆದಳು. ಬಾಯಿಯಿಂದ ಬಂದದ್ದು ಬೇರೆಯೇ:

ಹಾಲಿನ ಜೊತೆಗೊಂದು ಹಲ್ಲಿನ ಸೆಟ್ಟು
ಜಾಲರಿ ಮೇಲೆ ನಗುತಿತ್ತು;
ಸಾಲಲ್ಲಿ ನಿಂತಂಥ ಗಂಡಸರ ಬಾಯಿ
ಕೀಲಿ ಹಾಕಿದಂಗೆ ಮುಚ್ಚಿತ್ತು.

ಅವಳ ಕೈ ನಿಂತಿತು. ಹಸು ತಿರುಗಿ ನೋಡಿತು. ಗೊಬ್ನಿತ್ ಶಿಲುಬೆ ಗುರುತು ಹಾಕಿಕೊಂಡಳು, ಯಾರಾದರೂ ಕೇಳಿಸಿಕೊಂಡರೇ ಎಂದು ಬಾಗಿಲತ್ತ ನೋಡಿದಳು. ಇನ್ನೊಂದು ಬಾರದಿರಲಿ ದೇವರೇ ಎಂದುಕೊಳ್ಳುವಷ್ಟರಲ್ಲಿ ಇನ್ನೊಂದು ಬಂತು. ಭಯವಾಯಿತು, ನಿಜ. ಆದರೆ ಆ ಭಯದ ಅಡಿಯಲ್ಲಿ ಎಂದೂ ಆಗದಷ್ಟು ಸಂತೋಷವೂ ಆಯಿತು, ಅದಕ್ಕಾಗಿ ಅವಳಿಗೆ ಇನ್ನಷ್ಟು ಭಯವಾಯಿತು.

ಕೊಟ್ಟಿಗೆಗೂ ಅಪ್ಪನ ಮಂಚಕ್ಕೂ ನಡುವೆ ಇದ್ದದ್ದು ಒಂದೇ ಗೋಡೆ, ಅದರಲ್ಲೂ ಇಲಿ ಕೊರೆದ ತೂತುಗಳು. ಮರುದಿನ ಬೆಳಿಗ್ಗೆ ಡಿಯರ್ಮಿಡ್ ಬರಿಗಾಲಲ್ಲಿ ಅಡುಗೆಮನೆಗೆ ಓಡಿ ಬಂದ.

"ಬಂತು ಕಣೇ! ನಿದ್ದೆಗಣ್ಣಲ್ಲಿ ಬಂತು! ಕೇಳಿಲ್ಲಿ, ಹಾಲಿನ ಜೊತೆಗೊಂದು ಹಲ್ಲಿನ ಸೆಟ್ಟು..."

ಗೊಬ್ನಿತ್ ಕೈಯಲ್ಲಿದ್ದ ರೊಟ್ಟಿ ಹಿಟ್ಟನ್ನು ಸುಮ್ಮನೆ ನಾದಿದಳು. ಒಂದು ಕ್ಷಣ ಕೋಪ ಬಂತು. ತನ್ನ ಮೊಟ್ಟೆ ಕದ್ದು ತನಗೇ ಮಾರಲು ಬಂದವನನ್ನು ಕಂಡಂತಾಯಿತು. ಮರುಕ್ಷಣ ಅಪ್ಪನ ಮುಖ ನೋಡಿದಳು. ಸೇತುವೆ ಹಾಡಿಗೂ ಮುಂಚಿನ ಮುಖ ಅದು.

"ಚೆನ್ನಾಗಿದೆ ಅಪ್ಪಾ," ಎಂದಳು. "ನಿನ್ನ ನಾಲಿಗೆ ಸೇದಿಹೋಗ."

ಅಪ್ಪ ಹಿರಿಹಿರಿ ಹಿಗ್ಗಿದ.

ಅಲ್ಲಿಂದ ಮುಂದೆ ಅದೇ ಏರ್ಪಾಡಾಯಿತು. ಸಂಜೆ ಗೋಡೆಯ ಈಚೆ ಒಂದು ಪದ್ಯ, ಬೆಳಿಗ್ಗೆ ಗೋಡೆಯ ಆಚೆಯಿಂದ ಅದೇ ಪದ್ಯ ಟೋಪಿ ಹಾಕಿಕೊಂಡು ಬರುವುದು. ಕೆಲವು ಸಲ ಅಪ್ಪ ಒಂದೆರಡು ಪದ ತಿದ್ದಿ ಕೆಡಿಸಿರುತ್ತಿದ್ದ, ಮರುಸಂಜೆ ಅವಳು ಅದನ್ನೇ ಇನ್ನೊಮ್ಮೆ ಜೋರಾಗಿ ಹಾಡಿ ಸರಿಮಾಡುತ್ತಿದ್ದಳು. ಹಸುವಿಗೆ ಬೇಸರ ಬಂದು ಒದೆಯಿತು. ಹೀಗೆ ಗೋಡೆ ದಾಟಿ ಹೋದರೆ ಹಾಡು ಹೆಣ್ಣಿಗೆ ಬಂದ ಹಾಗಾಗುವುದಿಲ್ಲ, ತಾನು ಬರೀ ಕೊಳವೆ ಎಂದು ಗೊಬ್ನಿತ್ ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಪೂಜೆಯ ಹಿಂದಿನ ಸಂಜೆ ಕೊನೆಯ ಪದ್ಯ ಬಂತು. ಅದು ಬಂದಾಗ ಅವಳು ಬಕೆಟ್ಟು ಕೆಳಗಿಟ್ಟು, ಹಸುವಿನ ಹೊಟ್ಟೆಗೆ ಹಣೆ ಒತ್ತಿ, ಸದ್ದಿಲ್ಲದೆ ಅಲುಗಾಡಿಕೊಂಡು ನಕ್ಕಳು. ಆಮೇಲೆ ಬಾಯಿ ತೆಗೆದಳು, ಹಾಗೇ ಮುಚ್ಚಿದಳು. ಇಷ್ಟು ಪದ್ಯ ಕೊಟ್ಟಿದ್ದೇನೆ, ಒಂದು ನನಗಿರಲಿ ಅನ್ನಿಸಿತು. ಯಾರಿಗೂ ಹಾಡುವುದಿಲ್ಲ, ಸಾಯುವ ತನಕ ಒಳಗೇ ಇಟ್ಟುಕೊಳ್ಳುತ್ತೇನೆ, ಆದರೆ ನನ್ನದಾಗಿರಲಿ. ಅವಳು ಆ ಸಂಜೆ ಹಸುವಿಗೆ ಜಪಮಾಲೆಯ ಪ್ರಾರ್ಥನೆ ಹೇಳಿದಳು. ಹಸು ಅರ್ಧ ಹಾಲು ಉಳಿಸಿಕೊಂಡಿತು.

ಬೆಳಿಗ್ಗೆ ಡಿಯರ್ಮಿಡ್ ಸುಮ್ಮನೆ ಎದ್ದು ಬಂದು ಬೂಟಿಗೆ ಬಣ್ಣ ಹಚ್ಚಿದ.

"ಹಾಡು ಮುಗೀತಾ ಅಪ್ಪಾ?"

"ಕೊನೆಯದೊಂದು ಬಾಕಿ." ಅವನು ಅವಳ ಕಡೆ ಒಂದು ಸಲ ನೋಡಿದ. "ಹಾಡ್ತಾ ಹಾಡ್ತಾ ಬರುತ್ತೆ ಬಿಡು."

ಪೂಜೆ ಚೆನ್ನಾಗಿ ನಡೆಯಿತು. ಪಾದ್ರಿಗಳಿಗೆ ಒಳಕೋಣೆಯಲ್ಲಿ ಬಿಳಿ ಬಟ್ಟೆ ಹಾಸಿ ಎರಡು ಮೊಟ್ಟೆ, ಉಳಿದವರಿಗೆಲ್ಲ ಅಡುಗೆಮನೆಯಲ್ಲಿ ಒಂದೊಂದು. ಟೈಗ್ ಮತ್ತು ಫ್ಲರಿ ಮೂಲೆಯಲ್ಲಿ ಕೂತು ಮೊಟ್ಟೆಯನ್ನು ನುಂಗಿದರು. ಪಾದ್ರಿಗಳ ಮೋಟಾರು ತಿರುವು ದಾಟಿದ್ದೇ ತಡ, ಬಾಟಲಿಗಳು ಹೊರಬಂದವು, ಬೆಂಚುಗಳು ಗೋಡೆಗೆ ಸರಿದವು.

"ಏನೋ ಡಿಯರ್ಮಿಡ್, ಗಂಟಲು ಕಟ್ಟಿದೆಯಾ, ಬಿಟ್ಟಿದೆಯಾ?" ಎಂದರು ಯಾರೋ.

"ನೋಡು, ನಮ್ಮ ಹೆಸರು ಹಾಕಬೇಡ ಮಾರಾಯ," ಎಂದ ಟೈಗ್. "ಕೆನಿಫಿಕ್ ಕಿವಿಗೆ ಬಿದ್ರೆ ಹಾಲು ಹೋಯ್ತು."

"ಹೆಸರು ಹಾಕದಿದ್ರೂ ನಾವೇ ಅಂತ ಗೊತ್ತಾಗೋ ಹಂಗಿರಲಿ," ಎಂದ ಫ್ಲರಿ.

ಹಾಡುವವನ ಕೈಯನ್ನು ಪಕ್ಕದಲ್ಲಿದ್ದವರು ಹಿಡಿದುಕೊಂಡು, ಬಾವಿಯ ರಾಟೆ ತಿರುಗಿಸಿದ ಹಾಗೆ ಮೆಲ್ಲಗೆ ತಿರುಗಿಸುವುದು ಅಲ್ಲಿಯ ರೂಢಿ. ಡಿಯರ್ಮಿಡ್‌ನ ಕೈ ಹಿಡಿಯುವ ಹಕ್ಕು ಮೊದಲಿನಿಂದಲೂ ಆಬಿ ಟೂಮಿಯದು. ಅವನು ಟೋಪಿ ಕೆಳಗೆಳೆದು, ಕಣ್ಣು ಮುಚ್ಚಿ ಶುರುಮಾಡಿದ. ಮೊದಲ ಪದ್ಯಕ್ಕೇ ಫ್ಲರಿ ಕಿರುಚಿದ. ಮ್ಯಾನೇಜರನ ಪದ್ಯ ಬಂತು:

ಯಾರದು ಹೇಳ್ರಂದ ಮ್ಯಾನೇಜರಪ್ಪ
ಮಾರುದ್ದ ಚಿಮಟ ಹಿಡಿಯುತ್ತ;
ಊರಿಗೆ ಊರೇ ಉತ್ತರ ಕೊಟ್ಟಿತು
ಜೋರಾಗಿ ಹುಂ ಹುಂ ಅನ್ನುತ್ತ.

"ಹುಂ ಹುಂ!" ಎಂದಿತು ಅಡುಗೆಮನೆ. ಬೆಂಚುಗಳು ಅಲ್ಲಾಡಿದವು. "ನಿನ್ನ ಬಾಯಿಗೆ ಮಣ್ಣು ಬೀಳ!" ಎಂದು ಟೈಗ್ ಕಣ್ಣೀರು ಒರೆಸಿಕೊಂಡ. ಬೈಗುಳ ಒಂದರ ಹಿಂದೊಂದು ಬಿದ್ದವು, ಚಪ್ಪಾಳೆ ಒಂದೂ ಇಲ್ಲ. ಒಲೆಯ ಬಳಿ ಚಹಾ ಬಸಿಯುತ್ತ ನಿಂತ ಗೊಬ್ನಿತ್ ತನ್ನ ಒಂದೊಂದು ಸಾಲೂ ಜನರಿಗೆ ತಾಗುವುದನ್ನು ನೋಡಿದಳು. ಚಹಾ ಕಪ್ಪು ದಾಟಿ ನೆಲಕ್ಕೆ ಹರಿಯಿತು.

ಆಮೇಲೆ ಹಾಡು ಜಾಡಿಯ ಹತ್ತಿರಕ್ಕೆ ಬಂತು, ಹಲ್ಲು ಕಿಟಕಿಯಲ್ಲಿ ಕೂತಿತು, ಅಲ್ಲಿಗೆ ಡಿಯರ್ಮಿಡ್ ನಿಂತ. ಆಬಿ ಅವನ ಕೈಯನ್ನು ಒಂದು ಸುತ್ತು ತಿರುಗಿಸಿದಳು. ಇನ್ನೊಂದು ಸುತ್ತು ತಿರುಗಿಸಿದಳು. ಹಾಡು ಮೇಲೆ ಬರಲಿಲ್ಲ.

"ಕೊನೆ ಎಲ್ಲೋ?" ಎಂದರು ಯಾರೋ ಮೆಲ್ಲಗೆ.

ಗೊಬ್ನಿತ್ ಕೆಟಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಕೊನೆಯಿಲ್ಲದ ಹಾಡು ಕಾಲು ಮುರಿದ ಕುರ್ಚಿ. ಇನ್ನೊಂದು ಗಳಿಗೆ ಹೀಗೇ ಹೋದರೆ ಯಾರಾದರೂ ಕನಿಕರಪಟ್ಟು ಚಪ್ಪಾಳೆ ಹೊಡೆದುಬಿಡುತ್ತಾರೆ. ಪದ್ಯ ಅವಳ ನಾಲಿಗೆಯ ತುದಿಯಲ್ಲೇ ಇತ್ತು. ಬಾಯಿ ತೆಗೆದರೆ ಅಪ್ಪನ ಮಾನ ಉಳಿಯುತ್ತದೆ, ವಂಶದ ಹಾಡು ಊರೆಲ್ಲರ ಎದುರು ಹೆಣ್ಣಿಗೆ ಬಂದು ಮುಗಿಯುತ್ತದೆ. ತೆಗೆಯದಿದ್ದರೆ ಅವನು ಅಲ್ಲೇ, ತನ್ನ ಸ್ವಂತ ಅಡುಗೆಮನೆಯಲ್ಲಿ, ಮುದುಕನಾಗುತ್ತಾನೆ. ಎಲ್ಲ ತನ್ನಿಂದಲೇ ಆದದ್ದು, ಒಂದು ಪದ್ಯದ ಆಸೆಗೆ. ತನ್ನ ಮೇಲೆ ತನಗೇ ಅಸಹ್ಯ ಹುಟ್ಟಿತು.

ಡಿಯರ್ಮಿಡ್ ಕಣ್ಣು ತೆಗೆದ.

"ಕೊನೆಯ ಪದ್ಯ ನನ್ನ ಹತ್ರ ಇಲ್ಲ," ಎಂದ. "ಹಸುವಿನ ಹತ್ರ ಇದೆ."

ಎಲ್ಲರೂ ನಕ್ಕರು. ಅವನು ನಗಲಿಲ್ಲ.

"ಹಿಂದಿನ ಪದ್ಯಗಳೂ ಅಲ್ಲಿಂದಲೇ ಬಂದದ್ದು. ದಿನಾ ಸಂಜೆ ಗೋಡೆಗೆ ಕಿವಿ ಇಟ್ಟು ಕೇಳಿಸ್ಕೊಂಡೆ. ನಿನ್ನೆ ಮಾತ್ರ ಹಸು ಜಪಮಾಲೆ ಹೇಳ್ತು. ನಮ್ಮ ಹಸು ಅಷ್ಟು ಭಕ್ತಿಯದಲ್ಲ, ನಿಮಗೆಲ್ಲ ಗೊತ್ತು." ಆಬಿಯ ಕೈ ಬಿಡಿಸಿಕೊಂಡು ಒಲೆಯ ಕಡೆ ಚಾಚಿದ. "ಬಾರೇ ಇಲ್ಲಿ. ಕೆಟಲ್ ಇಡು. ಬಾ."

"ಬೇಡ ಅಪ್ಪಾ," ಎಂದಳು ಗೊಬ್ನಿತ್. "ಹಾಡಿದ್ರೆ ನಿನ್ನದು ಮುಗಿದುಹೋಗುತ್ತೆ."

"ಮುಗಿದು ಎಷ್ಟು ಕಾಲ ಆಯ್ತು ಅಂತ ನನಗೆ ಗೊತ್ತಿಲ್ವಾ? ಸೇತುವೆ ಹಾಡಿಗೆ ಚಪ್ಪಾಳೆ ಬಿದ್ದಿದ್ದು ನನ್ನ ಕಿವಿಗೂ ಕೇಳಿಸ್ತು. ಬಾ, ಜನ ಕಾಯ್ತಿದಾರೆ."

ಅವಳು ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡು ಹೋಗಿ ನಿಂತಳು. ಅಪ್ಪ ಅವಳ ಕೈ ಹಿಡಿದು ಮೆಲ್ಲಗೆ ತಿರುಗಿಸಿದ. ಅವಳು ಹಾಡಿದಳು.

ಜಾಡಿಯ ಒಳಗಿಂದ ನೋಡ್ತಾನೆ ಇದ್ದೀವಿ
ಓಡುವ ಹೊಳೆಯೆಷ್ಟು, ಹಸುವೆಷ್ಟು;
ಆಡೋಣ ಅಂದ್ರೆ ಬಾಯಿಲ್ಲ ನಮಗೆ —
ಜೋಡಿಸಿ ಕೊಡಿ, ಹೇಳ್ತೀವಿ ಅಷ್ಟೂ!

ಹಾಲಿಗೆ ಹೊಳೆಯ ನೀರು ಬೆರೆಸದವನು ಆ ಅಡುಗೆಮನೆಯಲ್ಲಿ ಒಬ್ಬನೂ ಇರಲಿಲ್ಲ. ತೊಟ್ಟಿಗೆ ಸುರಿದದ್ದನ್ನೆಲ್ಲ ಎದುರಿನ ಕಿಟಕಿಯಿಂದ ಆ ಹಲ್ಲು ದಿನವೂ ನೋಡುತ್ತಿದೆ ಎನ್ನುವುದು ಒಬ್ಬೊಬ್ಬರ ತಲೆಗೂ ಒಂದೊಂದು ಹೊತ್ತಿಗೆ ಇಳಿಯಿತು. ಮೊದಲು ಆಬಿ ಕಿರುಚಿದಳು. ಆಮೇಲೆ ಮನೆಯ ಮಾಡು ಹಾರಿಹೋಗುವಂತೆ ಎಲ್ಲರೂ ಕೂಗಿದರು. ಒಬ್ಬ ಟೋಪಿಯನ್ನು ನೆಲಕ್ಕೆ ಬಡಿದ. "ಕೊಂದಳಲ್ಲೋ ಮಾರಿ!" ಎಂದು ಟೈಗ್ ಗೋಡೆಗೆ ಹಣೆ ಚಚ್ಚಿಕೊಂಡ. "ಆ ಹಲ್ಲು ಅಲ್ಲೇ ಇರಲಿ, ದೇವರಾಣೆ ನನಗೆ ಬೇಡ!" ಎಂದ ಫ್ಲರಿ. ಲೂನಿಯವರ ವಂಶದಲ್ಲಿ ಯಾರಿಗೂ ಇಷ್ಟು ಬೈಗುಳ ಸಿಕ್ಕಿರಲಿಲ್ಲ.

ಗದ್ದಲ ಇಳಿದ ಮೇಲೆ ನಡೆದದ್ದೇನೆಂದು ಜನಕ್ಕೆ ಅರಿವಾಯಿತು: ಹಾಡು ಹೆಣ್ಣಿಗೆ ಹೋಗಿತ್ತು, ವಂಶದ ಪಾಲಿಗೆ ಸತ್ತಿತ್ತು. ನಗು ನಿಂತಿತು. ಟೈಗ್ ಟೋಪಿ ತೆಗೆದ. ಹೋಗಿ ಡಿಯರ್ಮಿಡ್‌ನ ಎದುರು ನಿಂತು, ಸಾವಿನ ಮನೆಯಲ್ಲಿ ಕೊಡುವ ಹಾಗೆ ಕೈ ಕೊಟ್ಟು, ಅಲ್ಲಿ ಹೇಳುವ ಮಾತನ್ನೇ ಹೇಳಿದ.

"ನಿನ್ನ ದುಃಖಕ್ಕೆ ಬೇಜಾರಾಯ್ತು, ಡಿಯರ್ಮಿಡ್."

"ಒಳ್ಳೇದಪ್ಪಾ," ಎಂದ ಡಿಯರ್ಮಿಡ್.

ಅವನ ಹಿಂದೆ ಫ್ಲರಿ ಬಂದ. ಅವನ ಹಿಂದೆ ಸಾಲು ಬೆಳೆಯಿತು. ಗಂಡಸರು ಟೋಪಿ ಕಂಕುಳಲ್ಲಿಟ್ಟುಕೊಂಡು, ಹೆಂಗಸರು ತಲೆಯ ಶಾಲು ಸರಿಮಾಡಿಕೊಂಡು ಒಬ್ಬೊಬ್ಬರಾಗಿ ಬಂದರು. "ಏನು ಮಾಡೋಕಾಗುತ್ತೆ, ಒಳ್ಳೆ ವಯಸ್ಸಾಗಿತ್ತು ಅದಕ್ಕೆ." "ನಿಮ್ಮಪ್ಪ ಇದನ್ನ ನೋಡೋಕೆ ಉಳೀಲಿಲ್ಲ, ಅಷ್ಟೇ ಪುಣ್ಯ." "ನರಳಲಿಲ್ಲ ಬಿಡು, ಕೊನೇ ಗಳಿಗೇಲಿ ಚೆನ್ನಾಗಿತ್ತು." ಯಾರೂ ತಮಾಷೆ ಮಾಡುತ್ತಿರಲಿಲ್ಲ. ಡಿಯರ್ಮಿಡ್ ಒಬ್ಬೊಬ್ಬರಿಗೂ ತಲೆಯಾಡಿಸಿದ, ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಅದನ್ನು ಅವನು ಒರೆಸಿಕೊಳ್ಳಲಿಲ್ಲ. ಗೊಬ್ನಿತ್‌ಗೆ ಎಲ್ಲಿ ನಿಲ್ಲಬೇಕೋ ತಿಳಿಯಲಿಲ್ಲ. ಸತ್ತದ್ದರ ಮಗಳೂ ಅವಳೇ, ಕೊಂದವಳೂ ಅವಳೇ. ಅವಳ ಮುಂದೆ ಬಂದಾಗ ಜನ ಕೈ ಕೊಡಲೋ ಬೇಡವೋ ಎಂದು ತಡವರಿಸಿ, ಕಣ್ಣು ತಪ್ಪಿಸಿ, ಸ್ವಲ್ಪ ದೂರದಿಂದಲೇ ಬಾಗಿಲ ಕಡೆ ಸರಿದರು. ಮೊನ್ನೆ ಮೊನ್ನೆಯವರೆಗೆ ಅವಳನ್ನು ಬೇಲಿಯಾಚೆಯಿಂದ ಕೂಗಿ ಕರೆಯುತ್ತಿದ್ದವರು. ಅವರಿಗೆ ತನ್ನ ಹೆದರಿಕೆಯಾಗಿದೆ ಎನ್ನುವುದು ಅವಳಿಗೆ ತಡವಾಗಿ ಹೊಳೆಯಿತು.

ಎಲ್ಲರೂ ಅಂಗಳಕ್ಕೆ ಇಳಿದ ಮೇಲೆ ಸಾಲಿನ ಕೊನೆಯಲ್ಲಿ ಡಿಯರ್ಮಿಡ್ ಒಬ್ಬನೇ ಉಳಿದ. ಟೋಪಿ ತೆಗೆದು, ಬಂದು ಮಗಳ ಎದುರು ನಿಂತು ಕೈ ಚಾಚಿದ.

"ನಿನ್ನ ದುಃಖಕ್ಕೆ ಬೇಜಾರಾಯ್ತು ಮಗಳೇ."

"ನನಗೇನು ದುಃಖ ಅಪ್ಪಾ? ಹೋಗಿದ್ದು ನಿನ್ನದಲ್ವಾ?"

"ಹೋಗಿದ್ದು ನನ್ನದು. ಅದಕ್ಕೆ ಎಲ್ರೂ ಬಂದು ಹೇಳಿದ್ರು. ಇನ್ಮೇಲೆ ಹೊರೋಳು ನೀನು. ಅದು ಎಷ್ಟು ಭಾರ ಅಂತ ಈ ಕಣಿವೇಲಿ ಗೊತ್ತಿರೋನು ನಾನೊಬ್ನೇ, ನಾನೂ ಹೇಳದಿದ್ರೆ ಇನ್ಯಾರು ಹೇಳ್ತಾರೆ?"

ಗೊಬ್ನಿತ್ ಅವನ ಕೈ ಹಿಡಿದುಕೊಂಡಳು. ಅಳು ಬಂತು, ಅಳುತ್ತಲೇ ಕೂತಳು. ಡಿಯರ್ಮಿಡ್ ಅವಳ ಪಕ್ಕದಲ್ಲಿ ಬೆಂಚಿನ ಮೇಲೆ ಕೂತು, ಉಳಿದಿದ್ದ ಒಂದು ಮೊಟ್ಟೆಯ ಸಿಪ್ಪೆ ಬಿಡಿಸಿ, ಅರ್ಧ ಅವಳಿಗೆ ಕೊಟ್ಟ.